ರಾಗಿಕಲ್ಲಿಗೆ ಬಣ್ಣ ಬಳಿದ ಮನೆ

ಬೇಸಿಗೆ ರಜೆ ಮುಗಿಯುತ್ತ ಬಂದಿತ್ತು. ಮಕ್ಕಳ ಕೈಯಿಂದ ಮೊಬೈಲ್ ಬಿಡಿಸಿ ಎಲ್ಲಾದರೂ ಕರೆದೊಯ್ಯಬೇಕೆಂದು ಹೊರಟಾಗ ಸಿಕ್ಕಿದ್ದು, ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಿಂದ ಒಳಗೆ ತಿರುಗಿದರೆ ಬರುವ ಒಂದು ಗ್ರಾಮೀಣ ವಸ್ತುಸಂಗ್ರಹಾಲಯ. ಹೆಸರು ಬರೆಯುವುದಿಲ್ಲ. ನಡೆಸುವವರು ಒಳ್ಳೆಯವರು, ಆದರೆ ಮುಂದೆ ಕೆಲವು ದೂರುಗಳಿವೆ.

ವಿಷಯ ತಿಳಿಸಿದಾಗ ಅತ್ತೆ, "ಒನಕೆ, ಒರಳು ನೋಡುವುದಕ್ಕೆ ದುಡ್ಡು ಕೊಡಬೇಕೇ?" ಎಂದು ಕೇಳಿದರು. ಎಪ್ಪತ್ತು ದಾಟಿದ ಅವರು ಶ್ರೀನಿವಾಸಪುರದ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಇನ್ನೂ ಸಣ್ಣ ಹಳ್ಳಿಗೆ ಸೊಸೆಯಾಗಿ ಬಂದವರು. ಮಾವ ತಕರಾರಿಲ್ಲದೆ ಒಪ್ಪಿದರು. ಮಧ್ಯಾಹ್ನಕ್ಕೆ ಮುಳಬಾಗಿಲಿನಲ್ಲಿ ದೋಸೆ ಎಂದು ನಮ್ಮ ಯಜಮಾನರು ಮೊದಲೇ ಆಸೆ ತೋರಿಸಿದ್ದರು.

ಹಳೆಯ ತೊಟ್ಟಿ ಮನೆ. ಕಂಬಗಳಿಗೆ ವಾರ್ನಿಶ್, ಗೋಡೆಗೆ ಕೆಮ್ಮಣ್ಣಿನ ಬಣ್ಣದ ಡಿಸ್ಟೆಂಪರ್. ಒಳಗೆ ಕಾಲಿಟ್ಟೊಡನೆ ಬಲಗಡೆ ರಾಗಿಕಲ್ಲು. ಅದಕ್ಕೂ ಯಾರೋ ಕಪ್ಪು ಎಣ್ಣೆಬಣ್ಣ ಬಳಿದು ಮಿರಮಿರ ಮಿಂಚುವಂತೆ ಮಾಡಿದ್ದರು. 'ಮುಟ್ಟಬೇಡಿ' ಎಂಬ ಫಲಕವಿತ್ತು. ಅತ್ತೆ ಫಲಕವನ್ನು ಓದಿದರು, ಓದಿ ಸೀದಾ ಹೋಗಿ ಮೇಲಿನ ಕಲ್ಲನ್ನು ಒಂದಿಷ್ಟು ಎತ್ತಿ ಒಳಮೈಗೆ ಬೆರಳು ತಾಗಿಸಿದರು. "ಪೂರ್ತಿ ಸವೆದಿದೆ. ಇದರಲ್ಲಿ ಬೀಸಿದರೆ ಹಿಟ್ಟು ಬರುವುದಿಲ್ಲ, ನುಚ್ಚು ಬರುತ್ತದೆ." ಕಲ್ಲು ಸವೆದಾಗ ಉಳಿಯಿಂದ ಹೊಡೆಸಿ ತರಿ ಮಾಡಿಸಬೇಕಂತೆ. ಹಾಗೆ ಹೊಡೆಸಿದ ಹೊಸತರಲ್ಲಿ ಮುದ್ದೆಯಲ್ಲಿ ಕಲ್ಲಿನ ಪುಡಿ ಕರಕರ ಎನ್ನುತ್ತಿತ್ತಂತೆ. ಅದಕ್ಕೆ ಮೊದಲ ಹಿಟ್ಟನ್ನು ದನಕ್ಕೆ ಹಾಕಿಬಿಡುತ್ತಿದ್ದರಂತೆ.

ಪಕ್ಕದಲ್ಲೇ ಒಂದು ಸ್ಪೀಕರ್‌ನಿಂದ ಬೀಸುವ ಪದ ಕೇಳಿಬರುತ್ತಿತ್ತು. ಇಂಪಾದ ದನಿ, ಹಿಂದೆ ಕೊಳಲು ಬೇರೆ. ನಾನು ಸ್ವಲ್ಪ ಭಾವುಕಳಾಗಿ, "ಎಷ್ಟು ಚೆನ್ನಾಗಿದೆ ಅಲ್ಲವೇ ಅತ್ತೆ, ಕೆಲಸದ ಜೊತೆಗೇ ಹಾಡು" ಎಂದೆ.

"ನಿದ್ದೆ ಬಾರದಿರಲಿ ಎಂದು ಹಾಡುತ್ತಿದ್ದೆವು ಕಣಮ್ಮಾ" ಎಂದರು. ಕೋಳಿ ಕೂಗುವ ಮೊದಲೇ ಎದ್ದು, ಎದುರುಬದುರು ಕುಳಿತು, ಹತ್ತು ಹನ್ನೆರಡು ಜನರ ಆ ದಿನದ ಮುದ್ದೆಗೆ ಆಗುವಷ್ಟು ಬೀಸಬೇಕಿತ್ತು. ಒಬ್ಬರು ತೂಕಡಿಸಿದರೆ ಇನ್ನೊಬ್ಬರ ತೋಳಿನ ಮೇಲೆ ಭಾರವೆಲ್ಲ ಬೀಳುತ್ತಿತ್ತು. ಮೂರು ಮೈಲಿ ಆಚೆಯ ಊರಿಗೆ ಹಿಟ್ಟಿನ ಮಿಲ್ಲು ಬಂದಾಗ ರಾಗಿ ಹೊತ್ತು ನಡೆದುಹೋಗಿ ಸರದಿಯಲ್ಲಿ ಕಾದು ಬರುತ್ತಿದ್ದುದು ಅತ್ತೆಗೆ ಹಬ್ಬದಂತಿತ್ತಂತೆ. ಮಿಲ್ಲಿನ ಹಿಟ್ಟು ಬಿಸಿಯಾಗಿ ರುಚಿ ಕೆಡುತ್ತದೆ ಎಂದು ಮನೆಯ ಗಂಡಸರು ಗೊಣಗಿದ್ದರು. "ರುಚಿ ಬೇಕಾದವರು ಬೀಸಲಿ ಎಂದು ನಮ್ಮ ಅತ್ತೆಯೇ ಹೇಳಿದರು" ಎಂದು ನಕ್ಕರು. ಆಮೇಲೆ ಮನೆಯನ್ನೆಲ್ಲ ಒಂದು ಸುತ್ತು ಹಾಕಿ ಬಂದು ಮೇಲ್ವಿಚಾರಕರನ್ನು, "ಮಿಲ್ಲು ಎಲ್ಲಿಟ್ಟಿದ್ದೀರಿ?" ಎಂದು ಕೇಳಿದರು. ಅವರು ಪಾಪ, ಅದು ಪಾರಂಪರಿಕ ವಸ್ತುವಲ್ಲ ಎಂದು ವಿವರಿಸಲು ಹೋದರು. ಅರ್ಧ ಶತಮಾನ ಹಳ್ಳಿಯ ಹೆಂಗಸರ ತೋಳನ್ನು ಕಾಪಾಡಿದ ಯಂತ್ರ ಪರಂಪರೆಗೆ ಸೇರುವುದಿಲ್ಲವಾದರೆ ಪರಂಪರೆಯ ಪಟ್ಟಿಯನ್ನು ಬರೆದವರು ಯಾರು ಎಂದು ನನಗೂ ಅನ್ನಿಸಿತು.

ಅಳತೆಗಳ ಕೋಣೆಯಲ್ಲಿ ಮಗಳು ಹೆಚ್ಚು ಹೊತ್ತು ನಿಂತಳು. ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಮೆಟ್ರಿಕ್ ಅಳತೆಯ ಕಾಯ್ದೆ 1956ರಲ್ಲಿ ಬಂದರೂ ನಮ್ಮ ಅಡುಗೆಮನೆಯಲ್ಲಿ ಅಕ್ಕಿ ಇವತ್ತಿಗೂ ಪಾವಿನ ಲೆಕ್ಕವೇ. ಸಾಲ ಕೊಡುವಾಗ ಅಂಗೈಯಿಂದ ಸವರಿ ಅಳೆದು, ವಸೂಲಿಯಾಗುವಾಗ ರಾಶಿ ನಿಲ್ಲುವಂತೆ ತುಂಬಿಸಿಕೊಳ್ಳುತ್ತಿದ್ದ ಸಾಹುಕಾರರ ಕಥೆಯನ್ನು ತಾತನಿಂದ ಕೇಳಿ ಅವಳು ಎರಡನ್ನೂ ಬಿಸ್ಕತ್ತಿನ ಚೂರುಗಳಲ್ಲಿ ಅಳೆದು ನೋಡಿದಳು. ಭಿನ್ನರಾಶಿಯ ಪಾಠ ಶಾಲೆಯಲ್ಲಿ ಹೀಗೆ ನಡೆಯುವುದಿಲ್ಲ.

ಮಗನಿಗೆ ಹಿಡಿಸಿದ್ದು ಅಂಗಳದ ಹಗೇವು. ನೆಲದೊಳಗೆ ರಾಗಿ ತುಂಬಿಡುವ ಗುಂಡಿ. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಕೆಳಗೆ ಅಗಲವಾದ ಹೊಟ್ಟೆ. ಮೇಲೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುತ್ತಿತ್ತು. ಬರಗಾಲಕ್ಕೆ ಅದೇ ಆಧಾರ. ತೆಗೆಯುವಾಗ ಮಾತ್ರ ಅವಸರ ಕೂಡದು. ಒಳಗೆ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ. ಬಾಯಿ ತೆರೆದು ಸಾಕಷ್ಟು ಹೊತ್ತು ಬಿಟ್ಟು, ದೀಪ ಇಳಿಸಿ ನೋಡಬೇಕು, ದೀಪ ಆರಿದರೆ ಇಳಿಯಬಾರದು. ಇಲ್ಲಿಯ ಬಾಯಿಗೆ ಸಿಮೆಂಟ್ ಹಾಕಿ ಮುಚ್ಚಿದ್ದರು. ಮಗನಿಗೆ ಸಿಟ್ಟು ಬಂದರೂ ಮುಚ್ಚಿದ್ದೇ ಸರಿ ಎಂದು ತಾಯಿಯಾಗಿ ಹೇಳುತ್ತೇನೆ.

ನಿಜವಾದ ಜಗಳ ಶುರುವಾದದ್ದು ಹಿತ್ತಿಲಿನಲ್ಲಿ. ಅಲ್ಲಿ ಒಂದು ಬಾವಿ, ಸಿಮೆಂಟಿನ ಎರಡು ಎತ್ತು, ಹಗ್ಗ, ರಾಟೆ, ಚರ್ಮದ ಬಾನಿ. ಮುಂದಿನ ಫಲಕದಲ್ಲಿ 'ಏತ' ಎಂದು ಬರೆದಿತ್ತು. ಬೆಳಗಿನಿಂದ ಹತ್ತು ಮಾತು ಆಡದ ಮಾವನಿಗೆ ಮೈಮೇಲೆ ಬಂದಂತಾಯಿತು. "ಇದು ಕಪಿಲೆ! ಏತ ಎಂದರೆ ಮರದ ತೊಲೆಯ ಮೇಲೆ ಮನುಷ್ಯ ಹಿಂದೆ ಮುಂದೆ ನಡೆದು ನೀರೆತ್ತುವುದು." ಅಷ್ಟಕ್ಕೇ ನಿಲ್ಲಲಿಲ್ಲ. ಎತ್ತುಗಳು ಸಮನೆಲದ ಮೇಲೆ ನಿಂತಿದ್ದವು. ಕಪಿಲೆಗೆ ಇಳಿಜಾರು ಬೇಕೇ ಬೇಕು. ಎತ್ತುಗಳು ಇಳಿಯುತ್ತ ಎಳೆದರೆ ಅವುಗಳ ಮೈಭಾರವೂ ಕೆಲಸಕ್ಕೆ ಒದಗುತ್ತದೆ. ಹೊಡೆಯುವವನು ಹಗ್ಗದ ಮೇಲೆ ಕುಳಿತು ತನ್ನ ಭಾರವನ್ನೂ ಸೇರಿಸುತ್ತಾನೆ. ಬಾನಿ ಮೇಲೆ ಬಂದಾಗ ಅದರ ಬಾಲವನ್ನು ಹಿಡಿದ ಸಣ್ಣ ಹಗ್ಗ ಅದನ್ನು ತೊಟ್ಟಿಯತ್ತ ಎಳೆದು ನೀರು ತಾನಾಗಿ ಸುರಿಯುತ್ತದೆ. ಆಮೇಲೆ ಎತ್ತುಗಳು ಹಿಮ್ಮೆಟ್ಟುತ್ತ ಮೇಲೇರಬೇಕು. ಮಾವ ಇದನ್ನೆಲ್ಲ ಸ್ವತಃ ಹಿಂದಕ್ಕೆ ನಡೆದು ತೋರಿಸುವಾಗ ಬೇರೆ ಸಂಸಾರಗಳೂ ಸುತ್ತ ನೆರೆದವು.

"ಬಾನಿ ಹೊಲಿದವರು ಯಾರು ತಾತ?" ಎಂದಳು ಮಗಳು. ಮಾವ ಊರಾಚೆಯ ಕೇರಿಯವರು ಎಂದರು. ಅವರೂ ಇದೇ ನೀರು ಕುಡಿಯುತ್ತಿದ್ದರೇ ಎಂದು ಅವಳು ಬಿಡದೆ ಕೇಳಿದಾಗ, "ಇಲ್ಲ. ಅವರ ಬಾವಿ ಬೇರೆ ಇತ್ತು" ಎಂದು ಹೇಳಿ ಕನ್ನಡಕ ತೆಗೆದು ಒರೆಸತೊಡಗಿದರು. ಇದನ್ನು ಹೇಳುವ ಫಲಕ ಆ ಮನೆಯಲ್ಲಿ ಎಲ್ಲಿಯೂ ಇರಲಿಲ್ಲ. ವಾರ್ನಿಶ್‌ಗಿಂತ ದೊಡ್ಡ ದೂರು ನನಗೆ ಇದೇ.

ನಮ್ಮ ಕಪಿಲೆ ಬಾವಿಯಲ್ಲಿ ಮೂವತ್ತು ಅಡಿಗೆ ನೀರಿತ್ತು ಎಂದು ಮಾವ ಹೇಳುವುದುಂಟು. ಈಗ ಅದೇ ಹೊಲದ ಸುತ್ತ ಸಾವಿರ ಅಡಿ ಕೊರೆದವರೂ ಬರಿಗೈಯಲ್ಲಿ ನಿಂತಿದ್ದಾರೆ. ವರ್ಷಪೂರ್ತಿ ಹರಿಯುವ ನದಿ ಕೋಲಾರಕ್ಕಿಲ್ಲ, ಪಾಲಾರ್ ಹೆಚ್ಚಾಗಿ ಹರಿಯುವುದು ನಕ್ಷೆಯಲ್ಲಿ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ. ಅದರ ಬಗ್ಗೆ ಮನೆಯಲ್ಲಿ ಎರಡು ಪಕ್ಷಗಳಿವೆ, ಇವತ್ತು ಬೇಡ.

ಮೇಲ್ವಿಚಾರಕರು ಬೇಸರಪಟ್ಟುಕೊಳ್ಳಲಿಲ್ಲ. ಫಲಕ ಬದಲಿಸುತ್ತೇವೆ, ಇಳಿಜಾರನ್ನೂ ಮಾಡಿಸುತ್ತೇವೆ, ಎಷ್ಟು ಉದ್ದ ಬೇಕು ಹೇಳಿ ಎಂದು ಟಿಕೆಟ್ ಪುಸ್ತಕದ ಹಿಂಬದಿಯನ್ನು ಮುಂದೆ ಹಿಡಿದರು. ನೀರು ಎಷ್ಟು ಆಳದಲ್ಲಿದೆಯೋ ಅಷ್ಟು ಉದ್ದ ಎಂದರು ಮಾವ. ಈ ಬಾವಿ ತೋರಿಕೆಯದು, ಐದೇ ಅಡಿ ಎಂದರು ಅವರು. ಹಾಗಾದರೆ ಎತ್ತು ಒಂದು ಹೆಜ್ಜೆ ಇಟ್ಟರೆ ಸಾಕಾಗುತ್ತದಲ್ಲ ಎಂದು ಮಾವ ತಲೆ ಕೆರೆದುಕೊಂಡರು. ದೋಸೆಗೆ ಹೊತ್ತಾಯಿತೆಂದು ಅತ್ತೆ ಕರೆಯುತ್ತಿದ್ದರೂ ಇಬ್ಬರೂ ಬಾವಿಕಟ್ಟೆಯ ಮೇಲೆ ಕುಳಿತು ಲೆಕ್ಕ ಹಾಕತೊಡಗಿದರು.