ಮಧುಗಿರಿ ಆಯ್ತು, ಇನ್ನು ನೂನ್?

ಮಧುಗಿರಿ ಏಕಶಿಲಾ ಬೆಟ್ಟವನ್ನು ಸಲೀಸಾಗಿ ಹತ್ತುವ ನಮ್ಮ ತುಮಕೂರಿನ ಹುಡುಗರು ಈಗ ಲಡಾಖ್‌ನ ನೂನ್ ಶಿಖರದ ಬಗ್ಗೆ ಕೇಳುತ್ತಿದ್ದಾರೆ. ನನಗಂತೂ ತುಂಬಾ ಖುಷಿ. ಆದರೆ ಅದು 7135 ಮೀಟರ್, ಕಾಲಿನ ಕಸುವೊಂದೇ ಸಾಲದು. 5500 ಮೀಟರ್ ಹೊತ್ತಿಗೇ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು, ದೇಹ ಅದಕ್ಕೆ ಒಗ್ಗಲಿ ಅಂತಲೇ ಗೈಡ್‌ಗಳು ಮೇಲಿನ ಕ್ಯಾಂಪಿಗೆ ಸಾಮಾನು ಹೊರಿಸಿಕೊಂಡು ಹೋಗಿ, ಮತ್ತೆ ಕೆಳಗಿಳಿಸಿ ಮಲಗಿಸುತ್ತಾರೆ, ಸುಮ್ನೆ ಅಲ್ಲ. ದಪ್ಪ ಗವಸು ಹಾಕಿಕೊಂಡೇ ಹಗ್ಗಕ್ಕೆ ಜುಮಾರ್ (ಹಗ್ಗದ ಮೇಲೆ ಕೆಳಗೆ ಜಾರದೆ ಮೇಲೇರಲು ನೆರವಾಗುವ ಹಿಡಿಕೆ) ಸಿಕ್ಕಿಸುವುದನ್ನು ಇಲ್ಲೇ ರೂಢಿ ಮಾಡಿಕೊಳ್ಳಿ. ಅಲ್ಲಿ ಗವಸು ತೆಗೆದರೆ ಬೆರಳು ಮರಗಟ್ಟುತ್ತದೆ. ಸಾಧ್ಯವಾದರೆ ಮೊದಲು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸ್ ಮುಗಿಸಿ. ದುಡ್ಡು ಕಟ್ಟಿದ್ದೇವೆ, ತುದಿ ಮುಟ್ಟಿಸಲೇಬೇಕು ಅಂತ ಹಟ ಬೇಡ. ಗೈಡ್ ವಾಪಸ್ ಅಂದರೆ ವಾಪಸ್, ಅಲ್ವಾ? ಬುಕ್ ಮಾಡುವ ಮೊದಲೇ ಕೇಳಿ: ಒಬ್ಬ ಗೈಡ್‌ಗೆ ಎಷ್ಟು ಜನ, ಹವಾಮಾನ ಕೆಟ್ಟರೆ ಕಾಯಲು ಎಷ್ಟು ದಿನ ಜಾಸ್ತಿ ಇಟ್ಟಿದ್ದಾರೆ?