ಹಾಲಿನ ಡೈರಿಯ ತಕ್ಕಡಿ

"ಮೇಡಮ್, ಕನ್ನಡದಲ್ಲಿ ಹೇಳಿದ್ರೆ ಮಾರ್ಕ್ಸ್ ಕಡಿಮೆ ಆಗುತ್ತಾ?"

ಮಂಗಳವಾರ ಹಾಸನದ ಕಡೆಯ ಕಾಲೇಜಿಗೆ, ಚಿಪ್ ಡಿಸೈನ್ ಕೆಲಸಕ್ಕೆ ಮಕ್ಕಳನ್ನು ಆರಿಸುವ ಕ್ಯಾಂಪಸ್ ಇಂಟರ್‌ವ್ಯೂಗೆ ಹೋಗಿದ್ದೆ. ನಾಲ್ಕು ದಿನ ಕಳೆದರೂ ಕಿವಿಯಲ್ಲಿ ಇದೇ ಮಾತು.

ನಾನು ಕೇಳಿದ್ದು ಸೆಟಪ್ ಟೈಮ್, ಹೋಲ್ಡ್ ಟೈಮ್. ಅಂದರೆ ಚಿಪ್ಪಿಗೆ ತಾಳ ಹಾಕುವ ಕ್ಲಾಕಿನ ಮಿಡಿತಕ್ಕೆ ಮುಂಚೆ ಮತ್ತು ಆಮೇಲೆ ಡೇಟಾ ಎಷ್ಟು ಹೊತ್ತು ಅಲುಗದೆ ಇರಬೇಕು ಎಂಬುದು. ಹುಡುಗಿ ಹಾಳೆಯ ಮೇಲೆ ವೇವ್‌ಫಾರ್ಮನ್ನು ಸರಿಯಾಗಿಯೇ ಬರೆದಳು. 'ಡೇಟಾ ಶುಡ್ ಬಿ...' ಎಂದು ಶುರು ಮಾಡಿ ಅಲ್ಲಿಗೇ ನಿಂತಳು. ಪಕ್ಕದಲ್ಲಿ ಕೂತಿದ್ದ ನಮ್ಮ ಕಂಪನಿಯ ಸಹೋದ್ಯೋಗಿ ಅಷ್ಟರಲ್ಲೇ 'ಕಮ್ಯುನಿಕೇಶನ್ ವೀಕ್' ಎಂದು ಬರೆದಾಗಿತ್ತು. ಆಗ ಅವಳು ನನ್ನ ಕಡೆ ತಿರುಗಿ ಕೇಳಿದ್ದು ಆ ಮಾತು.

"ಇಲ್ಲಮ್ಮ, ಹೇಳು" ಅಂದೆ.

"ನಮ್ಮೂರ ಡೈರೀಲಿ ಹಾಲು ತೂಗ್ತಾರಲ್ಲ ಮೇಡಮ್. ರೀಡಿಂಗ್ ತಗೊಳ್ಳೋಕೆ ಸ್ವಲ್ಪ ಮುಂಚೆನೇ ಕ್ಯಾನ್ ತಕ್ಕಡಿ ಮೇಲೆ ಅಲುಗಾಡ್ದೆ ಕೂತಿರ್ಬೇಕು, ಅದು ಸೆಟಪ್. ರೀಡಿಂಗ್ ಬಂತು ಅಂತ ತಕ್ಷಣ ಎತ್ತಬಾರ್ದು, ಅದು ಹೋಲ್ಡ್."

ಕ್ಲಾಕ್ ನಿಧಾನ ಮಾಡಿದರೆ ಹೋಲ್ಡ್ ತಪ್ಪು ಸರಿಹೋಗುತ್ತದೆಯೇ ಎಂದು ಕೇಳಿದೆ. ರ‍್ಯಾಂಕ್ ಬಂದ ಮಕ್ಕಳೂ ಎಡವುವ ಜಾಗ ಇದು.

"ಇಲ್ಲ ಮೇಡಮ್. ನಿಧಾನಕ್ಕೆ ತೂಗಿದ್ರೆ ಕ್ಯಾನ್ ತರೋಕೆ ಟೈಮ್ ಸಿಗುತ್ತೆ, ಸೆಟಪ್ ಉಳಿಯುತ್ತೆ. ಬೇಗ ಎತ್ತೋ ಕೈಗೆ ಅದೇನು ಮಾಡುತ್ತೆ?"

ಹದಿನೇಳು ವರ್ಷದಿಂದ ಚಿಪ್‌ಗಳ ಟೈಮಿಂಗ್ ಕೆಲಸ ಮಾಡುತ್ತಿದ್ದೇನೆ. ಹೋಲ್ಡ್ ತಪ್ಪಿದ ಚಿಪ್ ಫ್ಯಾಬ್‌ನಿಂದ, ಅಂದರೆ ಚಿಪ್ ಕಾರ್ಖಾನೆಯಿಂದ, ಬಂದ ಮೇಲೆ ಕ್ಲಾಕ್ ನಿಧಾನ ಮಾಡಿದರೂ ಯಾಕೆ ಸರಿಹೋಗುವುದಿಲ್ಲ ಎಂಬುದನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಆ ಸಹೋದ್ಯೋಗಿ ಕೆಟ್ಟವರಲ್ಲ, ಒಳ್ಳೆಯ ಎಂಜಿನಿಯರ್. ಆದರೆ ಇಂಗ್ಲಿಷ್ ಎರಡು ವರ್ಷದಲ್ಲಿ ಕೂಡಿಬರುತ್ತದೆ, ಈ ಬಗೆಯ ಯೋಚನೆ ಕೂಡಿಬರುವುದಿಲ್ಲ ಎಂದು ದಾರಿಯುದ್ದಕ್ಕೂ ವಾದಿಸಿದರೂ ಅವರಿಗೆ ಒಪ್ಪಿಗೆಯಾಗಲಿಲ್ಲ. ನನಗೆ ಸಿಟ್ಟು ಬಂದಿತ್ತು, ಇನ್ನೂ ಇಳಿದಿಲ್ಲ.

1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗಿನಿಂದ ಚಿಪ್ ಡಿಸೈನ್ ನಮ್ಮ ನೆಲದ ಕೆಲಸವೇ. ಜಗತ್ತಿನ ಚಿಪ್ ಡಿಸೈನ್ ಎಂಜಿನಿಯರುಗಳಲ್ಲಿ ಸುಮಾರು ಐದರಲ್ಲೊಬ್ಬರು ಭಾರತದಲ್ಲಿದ್ದಾರೆ. ಕೇಂದ್ರದ 'ಚಿಪ್ಸ್ ಟು ಸ್ಟಾರ್ಟಪ್' ಯೋಜನೆ 85,000 ಮಂದಿಯನ್ನು ತಯಾರು ಮಾಡಲು ಹೊರಟಿದೆ. ಕೇಂದ್ರ ಸರ್ಕಾರದ ಕಂಪ್ಯೂಟಿಂಗ್ ಸಂಸ್ಥೆ ಸಿ-ಡ್ಯಾಕ್ ಬೆಂಗಳೂರಿನಲ್ಲಿ ನಡೆಸುವ ಚಿಪ್‌ಇನ್ ಕೇಂದ್ರದಿಂದ ಕಾಲೇಜುಗಳಿಗೆ ದುಬಾರಿ ಟೂಲ್‌ಗಳೂ, ಅಂದರೆ ಡಿಸೈನ್ ಸಾಫ್ಟ್‌ವೇರೂ, ಸಿಗುತ್ತಿವೆ. ಈ ಹುಡುಗಿಯ ಕಾಲೇಜಿಗೆ ಅದು ತಲುಪಿಲ್ಲ. ಲ್ಯಾಬಿನಲ್ಲಿ ಟೂಲ್ ಇದೆ, ಲೈಸೆನ್ಸ್ ಮುಗಿದು ವರ್ಷವಾಯಿತು ಎಂದು ಮೇಷ್ಟರೊಬ್ಬರು ತಲೆ ತಗ್ಗಿಸಿ ಹೇಳಿದರು. ಇಂಟರ್‌ವ್ಯೂ ಕೈಬಿಟ್ಟರೆ ಉಳಿಯುವ ದಾರಿ ಬೆಂಗಳೂರಿನ ಟ್ರೈನಿಂಗ್ ಇನ್‌ಸ್ಟಿಟ್ಯೂಟು, ಜೊತೆಗೆ ಪಿಜಿ ಬಾಡಿಗೆ. ಎರಡು ಹಸುವಿನ ಹಾಲು ಹಾಕುವ ಮನೆ ಅದನ್ನು ಎಲ್ಲಿಂದ ತರಬೇಕು? ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದವಳು. ಹಾಸ್ಟೆಲ್ ಫೀಸು ಕಟ್ಟಿದ ಸೋದರಮಾವ ಇಲ್ಲದಿದ್ದರೆ ನಾನು ಆ ಮೇಜಿನ ಈಚೆ ಕಡೆ ಕೂತಿರುತ್ತಿರಲಿಲ್ಲ.

ನನ್ನ ಶಿಫಾರಸನ್ನು ಬೇರೆಯಾಗಿ ಬರೆದು ಕಳಿಸಿದ್ದೇನೆ. ಉತ್ತರ ಬಂದಿಲ್ಲ. ಹೊರಡುವಾಗ ಅವಳಿಗೆ ನಂಬರ್ ಕೊಟ್ಟು, ಅಮೆರಿಕದ ಚಿಪ್ ತಯಾರಕ ಸ್ಕೈವಾಟರ್‌ನ 130 ನ್ಯಾನೋಮೀಟರ್ ಡಿಸೈನ್ ಕಿಟ್ 2020ರಿಂದ ಎಲ್ಲರಿಗೂ ಮುಕ್ತವಾಗಿದೆ, ಚಿಪ್ ಡಿಸೈನಿನ ಓಪನ್‌ಲೇನ್ ಟೂಲೂ ಪುಕ್ಕಟೆ, ಮಾಡಿ ನೋಡು ಅಂದಿದ್ದೆ.

ನಿನ್ನೆ ರಾತ್ರಿ ಒಂಬತ್ತೂವರೆಗೆ ಫೋನ್ ಬಂತು.

"ಮೇಡಮ್, ಅಣ್ಣನ ಲ್ಯಾಪ್‌ಟಾಪಲ್ಲಿ ಹಾಕ್ದೆ, ಕೌಂಟರ್ ಡಿಸೈನ್ ರನ್ ಆಯ್ತು. ಮೂರು ಹೋಲ್ಡ್ ವಯಲೇಶನ್ ತೋರಿಸ್ತಿದೆ. ರಿಪೋರ್ಟಲ್ಲಿ ಮೊದಲು ಯಾವ ಸಾಲು ನೋಡ್ಲಿ?"