ಮುಟ್ಟಿ ನೋಡು

1997ರಲ್ಲಿ ದಾವಣಗೆರೆ ಹೊಸ ಜಿಲ್ಲೆಯಾಯಿತು. ಅದೇ ವರ್ಷ ಅಪ್ಪ ನನ್ನನ್ನು ಜಗಳೂರು ಕಡೆಯ ನಮ್ಮ ಹಳ್ಳಿಯಿಂದ ಬಸ್ಸಿನಲ್ಲಿ ಕರೆತಂದು ಕಣ್ಣು ಕಾಣದ ಮಕ್ಕಳ ಈ ಶಾಲೆಗೆ ಸೇರಿಸಿದರು. ನನಗೆ ಆಗ ಏಳು ವರ್ಷ. ಹುಟ್ಟಿದಾಗಿನಿಂದ ಕಣ್ಣು ಕಾಣುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ದಾರಿಯುದ್ದಕ್ಕೂ "ಅಯ್ಯೋ ಪಾಪ" ಅನ್ನುತ್ತಿದ್ದರು. ಅಪ್ಪ ಏನೂ ಮಾತಾಡಲಿಲ್ಲ. ನನ್ನ ಕೈಯನ್ನು ಮಾತ್ರ ಗಟ್ಟಿಯಾಗಿ ಹಿಡಿದಿದ್ದರು.

ಶಾಲೆಯ ಬಾಗಿಲಲ್ಲಿ ಆ ಕೈ ಬಿಡಿಸಿದವರು ನಮ್ಮ ಟೀಚರ್. ನನ್ನ ಅಂಗೈಯನ್ನು ಗೋಡೆಗೆ ತಾಗಿಸಿ, "ಇದನ್ನ ಹಿಡಕೊಂಡು ಹೋಗು ಮರಿ. ಎಲ್ಲಿ ಮುಗಿಯುತ್ತೆ ನೋಡಿಕೊಂಡು ಬಂದು ನಂಗೆ ಹೇಳು" ಅಂದರು.

ನೋಡಿಕೊಂಡು ಬಾ ಎಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ. ಊರಿನಲ್ಲಿ ನನ್ನೆದುರು ಬಾಯಿತಪ್ಪಿ 'ನೋಡು' ಅಂದವರು ತಟ್ಟನೆ ಮಾತು ನಿಲ್ಲಿಸುತ್ತಿದ್ದರು. ಟೀಚರ್ ದಿನಕ್ಕೆ ನೂರು ಸಲ ಆ ಪದ ಹೇಳುತ್ತಿದ್ದರು. "ಕನ್ನಡದಲ್ಲಿ ಎಲ್ಲಾದಕ್ಕೂ ನೋಡೋದೇ ಅಲ್ವಾ? ತಿಂದು ನೋಡ್ತೀವಿ, ಮೂಸಿ ನೋಡ್ತೀವಿ, ಕೇಳಿ ನೋಡ್ತೀವಿ. ನೀವು ಮುಟ್ಟಿ ನೋಡ್ರಪ್ಪ."

ಅಕ್ಷರ ಕಲಿಸಿದ್ದು ಅಳಗುಳಿ ಮಣೆಯ ಮೇಲೆ. ಮಣೆಯನ್ನು ಉದ್ದಕ್ಕೆ ತಿರುಗಿಸಿ, ಆರು ಗುಳಿ ಬಿಟ್ಟು ಉಳಿದದ್ದಕ್ಕೆಲ್ಲ ಬಟ್ಟೆ ತುರುಕಿದ್ದರು. ಎಡಗಡೆ ಮೇಲಿನ ಗುಳಿಯಲ್ಲಿ ಒಂದೇ ಹುಣಸೆಬೀಜ ಇದ್ದರೆ ಅದು ಅ. ಅದೇ ಸಾಲಿನ ಎಲ್ಲಕ್ಕಿಂತ ಕೆಳಗಿನ ಗುಳಿಗೂ ಒಂದು ಹಾಕಿದರೆ ಕ. ಬ್ರೈಲ್ ಅಂದರೆ ಇಷ್ಟೇ, ಆರು ಚುಕ್ಕಿಗಳ ಆಟ. ಬೀಜ ಎಣಿಸುತ್ತಾ ಎಣಿಸುತ್ತಾ ವರ್ಣಮಾಲೆ ಬಂದೇ ಬಿಟ್ಟಿತು. ಆಮೇಲೆ ಹಾಳೆ ಸಿಕ್ಕಿಸುವ ಬ್ರೈಲ್ ಸ್ಲೇಟು, ದಪ್ಪ ಹಾಳೆ, ಚುಚ್ಚುವ ಮೊಳೆ. ಬಲದಿಂದ ಎಡಕ್ಕೆ ಚುಚ್ಚಬೇಕು. ಹಾಳೆ ಮಗುಚಿದರೆ ಚುಕ್ಕಿಗಳು ಉಬ್ಬಿರುತ್ತವೆ, ಎಡದಿಂದ ಬಲಕ್ಕೆ ಓದಬೇಕು. ನಮ್ಮಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ. 'ಅಮ್ಮ' ಬರೆಯಬೇಕಾದರೆ ಅ ಆದ ಮೇಲೆ ಬಲಗಡೆ ಮೇಲೆ ಒಂದೇ ಒಂದು ಚುಕ್ಕಿ, ಆಮೇಲೆ ಒಂದು ಮ, ಇನ್ನೊಂದು ಮ. ಆ ಒಂಟಿ ಚುಕ್ಕಿಯನ್ನು ನಾನು ಎಷ್ಟು ದಿನ ಮರೆತೆನೋ! "ನಿಮ್ಮ ಅಮ್ಮ ಅಲ್ಲ ಕಣೋ, ಇದು ಅಮಮ" ಎಂದು ಮತ್ತೆ ನನ್ನ ಬೆರಳನ್ನು ಆ ಜಾಗಕ್ಕೇ ಒಯ್ಯುತ್ತಿದ್ದರು. ಒಂದು ಸಲವೂ ತಾವೇ ಚುಚ್ಚಿ ಕೊಡಲಿಲ್ಲ.

ಹಾಳೆಯದ್ದು ದೊಡ್ಡ ಕಷ್ಟ. ತೆಳು ಹಾಳೆಯಲ್ಲಿ ಚುಕ್ಕಿ ನಿಲ್ಲುವುದಿಲ್ಲ. ಅದಕ್ಕೇ ಟೀಚರ್ ಪ್ರತಿ ಜನವರಿಯಲ್ಲಿ ಮಂಡಿಪೇಟೆಯ ಅಂಗಡಿಗಳಿಗೆ ಹೋಗಿ ಹಳೆಯ ಕ್ಯಾಲೆಂಡರ್ ಕೇಳಿ ತರುತ್ತಿದ್ದರು. ರಾತ್ರಿ ನಾವು ಮಲಗಿದ ಮೇಲೆ ಹಾಸ್ಟೆಲ್ ಪಡಸಾಲೆಯಲ್ಲಿ ಕೂತು ಮುಂದಿನ ದಿನದ ಪಾಠವನ್ನು ಅದರ ಮೇಲೆ ಚುಚ್ಚುತ್ತಿದ್ದರು. ಆ ಟಕ್ ಟಕ್ ಸದ್ದು ಕೇಳುತ್ತಲೇ ನನಗೆ ನಿದ್ದೆ ಬರುತ್ತಿತ್ತು. ಅವರಿಗೂ ಮನೆ ಇತ್ತು, ಮಕ್ಕಳಿದ್ದರು. ಅವರು ಎಷ್ಟು ಹೊತ್ತಿಗೆ ಮನೆಗೆ ಹೋಗುತ್ತಿದ್ದರು ಎಂದು ಕೇಳುವಷ್ಟು ಬುದ್ಧಿ ನಮಗೆ ಆಗ ಇರಲಿಲ್ಲ.

ಶಾಲೆಗೆ ಬಂದವರೆಲ್ಲ ನಮ್ಮನ್ನು ಹಾಡು ಅನ್ನುತ್ತಿದ್ದರು. ಗದುಗಿನ ವೀರೇಶ್ವರ ಪುಣ್ಯಾಶ್ರಮ, ಪುಟ್ಟರಾಜ ಗವಾಯಿಗಳು ನಮ್ಮ ನಾಡಿಗೆ ಅಂಥ ದಾರಿ ತೋರಿಸಿದ್ದಾರೆ. ಆದರೆ ನನಗೆ ಸ್ವರವೇ ನಿಲ್ಲುತ್ತಿರಲಿಲ್ಲ. "ಇವನು ಹಾಡಲ್ಲ, ಇವನಿಗೆ ಒಂದು ಲೆಕ್ಕ ಕೊಡಿ" ಎಂದು ಟೀಚರ್ ಬಂದವರಿಗೆ ನೇರವಾಗಿ ಹೇಳುತ್ತಿದ್ದರು. ಲೆಕ್ಕ ಮಾಡಲು ಎಂಟು ಮೂಲೆಯ ತೂತುಗಳಿರುವ ಟೇಲರ್ ಫ್ರೇಮ್ ಎಂಬ ಹಲಗೆಯನ್ನು ನನ್ನ ಮುಂದಿಡುತ್ತಿದ್ದರು. ತೂತಿಗೆ ಇಡುವ ಅಚ್ಚಿನ ಯಾವ ತುದಿ ಮೇಲಿದೆ, ಅದು ಯಾವ ದಿಕ್ಕಿಗೆ ತಿರುಗಿದೆ ಅನ್ನುವುದರ ಮೇಲೆ ಅದು ಯಾವ ಅಂಕಿ ಎಂದು ಗೊತ್ತಾಗುತ್ತದೆ. ನಾನು ಗುಣಿಸಿ ಮುಗಿಸುವಷ್ಟರಲ್ಲಿ ಬಂದವರು ಪಾಪ ಅನ್ನುವುದನ್ನು ಮರೆತಿರುತ್ತಿದ್ದರು.

ಆರನೇ ಕ್ಲಾಸಿನಲ್ಲಿ ಚಿತ್ರದುರ್ಗದ ಕೋಟೆಗೆ ಹೋದೆವು. ಬಾಗಿಲ ಹತ್ತಿರ ಒಬ್ಬರು, "ಈ ಹುಡುಗ್ರಿಗೆ ಕೋಟೆ ಏನು ಕಾಣ್ತದ್ರಿ ಮೇಡಂ?" ಅಂದರು. "ಸಂಜೆ ಇಳಿಯುವಾಗ ಅವರನ್ನೇ ಕೇಳಿ" ಅಂದರು ಟೀಚರ್. ಬಾಗಿಲು ದಾಟಿದ ಕೂಡಲೇ ದಾರಿ ತಿರುಗುತ್ತದೆ. ಯಾಕೆ ಎಂದು ನಮ್ಮನ್ನೇ ಕೇಳಿದರು. ಗೋಡೆ ಸವರುತ್ತಾ ಎರಡು ಮೂರು ಸಲ ಓಡಾಡಿದ ಮೇಲೆ ನನ್ನ ಗೆಳೆಯನೊಬ್ಬ ಹೇಳಿದ: "ಆನೆ ಓಡಿ ಬಂದು ಗುದ್ದೋಕೆ ಜಾಗ ಇಲ್ಲ ಟೀಚರ್!" ಸಿಡಿಮದ್ದು ಬೀಸುವ ಕಲ್ಲುಗಳ ಸುತ್ತ ಕೈಯಾಡಿಸಿದೆವು. ತೋಳು ಎರಡೂ ಚಾಚಿದರೂ ಕಲ್ಲು ಮುಗಿಯಲಿಲ್ಲ. ಓಬವ್ವನ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ಬಗ್ಗಿ ತೂರಿದೆವು. ತಲೆ ಮೊದಲು ಹೊರಗೆ ಬರುತ್ತದೆ, ಕೈ ಇನ್ನೂ ಹಿಂದೆಯೇ ಇರುತ್ತದೆ. ಹೈದರಾಲಿಯ ಸೈನಿಕರನ್ನು ಒಬ್ಬಳು ಹೆಂಗಸು ಒನಕೆಯಿಂದ ಹೇಗೆ ಹೊಡೆದಳು ಎಂದು ನನಗೆ ಆ ಕ್ಷಣದಲ್ಲಿ ತಿಳಿಯಿತು, ಕುತ್ತಿಗೆಯಲ್ಲಿ ತಿಳಿಯಿತು. ಕಣ್ಣಿದ್ದವರು ಎಷ್ಟು ಜನ ಅಲ್ಲಿ ಸುಮ್ನೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ, ಅಲ್ವಾ?

ಡಿಗ್ರಿ ಓದುವಾಗ ಒಂದು ಬ್ಯಾಂಕಿನಲ್ಲಿ ನನಗೆ ಎಟಿಎಂ ಕಾರ್ಡ್ ಕೊಡಲಿಲ್ಲ. ಕಣ್ಣು ಕಾಣದವರಿಗೆ ಕೊಡಲ್ಲ ಅಂದರು. ಟೀಚರ್ ಹತ್ತಿರ ಹೋಗಿ ಅತ್ತೆ. ಚೆಕ್ ಪುಸ್ತಕ, ಎಟಿಎಂ ಇವನ್ನೆಲ್ಲ ನಮ್ಮಂಥವರಿಗೂ ಕೊಡಲೇಬೇಕು ಎಂದು ರಿಸರ್ವ್ ಬ್ಯಾಂಕ್ 2008ರಲ್ಲಿ ಸುತ್ತೋಲೆ ಹೊರಡಿಸಿತ್ತು. ಟೀಚರ್ ಅದನ್ನು ಹುಡುಕಿ ತರಿಸಿ ಓದಿ ಹೇಳಿದರು, ನಾನು ಬ್ರೈಲ್‌ನಲ್ಲಿ ಬರೆದುಕೊಂಡೆ. ಮಾರನೇ ದಿನ ಜೊತೆಗೆ ಬಂದರು. ಆದರೆ ಹೊರಗೆ ಬೆಂಚಿನ ಮೇಲೆ ಕೂತರು. "ಒಳಗೆ ನೀನು ಹೋಗು" ಅಂದರು. ಮ್ಯಾನೇಜರ್ ಮೇಜಿನ ಮುಂದೆ ನಿಂತು ಬೆರಳಾಡಿಸುತ್ತಾ ಪೂರ್ತಿ ಓದಿದೆ. ಕಾಲು ನಡುಗುತ್ತಿತ್ತು. ಒಂದು ವಾರಕ್ಕೆ ಕಾರ್ಡ್ ಬಂತು.

ಈಗ ನಾನೇ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಪರದೆಯ ಮೇಲಿರುವುದನ್ನು ಕಂಪ್ಯೂಟರ್ ಓದಿ ಹೇಳುತ್ತದೆ. ಹೋದ ವರ್ಷ ಟೀಚರನ್ನು ನೋಡಲು ಹೋದಾಗ ಹಾಸಿಗೆ ಹಿಡಿದಿದ್ದರು. ಮಾತು ಕಮ್ಮಿಯಾಗಿತ್ತು. ನನ್ನ ಸಂಬಳ, ಮನೆ ಏನನ್ನೂ ಕೇಳಲಿಲ್ಲ. "ನಿಮ್ಮ ಬ್ಯಾಂಕಿನಲ್ಲಿ ಕ್ಯಾಲೆಂಡರ್ ಜಾಸ್ತಿ ಬರ್ತಾವಾ?" ಅಂದರು. ಆಮೇಲೆ ಎರಡು ತಿಂಗಳಿಗೆ ತೀರಿಕೊಂಡರು.

ಈ ಜನವರಿಯಲ್ಲಿ ನಮ್ಮ ಶಾಖೆಯವರ ಮನೆಗಳಿಂದೆಲ್ಲ ಹಳೆಯ ಕ್ಯಾಲೆಂಡರ್ ಸೇರಿಸಿ ಎರಡು ಕಟ್ಟು ಶಾಲೆಗೆ ತಂದುಕೊಟ್ಟೆ. ಹಳೆಯ ವಿದ್ಯಾರ್ಥಿಗಳು, ಪೋಷಕರು ನಿಮ್ಮ ಮನೆಯದ್ದನ್ನೂ ದಯವಿಟ್ಟು ಎಸೆಯಬೇಡಿ, ಆಫೀಸಿನಲ್ಲಿ ಕೊಡಿ. ದಪ್ಪ ಹಾಳೆಯದ್ದೇ ಬೇಕು. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ನೋಡಿ, ಗೊತ್ತಾಗುತ್ತದೆ.